ಸರಸಳ ಶಾಲೆಗೆ ಸೋದರಮಾವ ಬಂದದ್ದು

ಗುಣವತಿಯನ್ನು ಮದರಾಸಿಗೆ ಕರೆತಂದವನು ಅವಳ ಗಂಡ ಐತ ಎಂದೇ ತ್ರಿಪ್ಲಿಕೇನಿನ ಆ ವಠಾರದವರೆಲ್ಲ ತಿಳಿದಿದ್ದರು. ಐತನೂ ಅದನ್ನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವಳನ್ನು ಯಾರೂ ಕರೆತರಲಿಲ್ಲ, ಅವಳೇ ಬಂದಳು. ತಾನು ಕೆಲಸಕ್ಕಿದ್ದ ಹೋಟೆಲಿನ ಹಿಂಬದಿಯಲ್ಲಿ ಐತ ಮೊಣಕೈವರೆಗೆ ಉದ್ದಿನ ಹಿಟ್ಟು ಮೆತ್ತಿಕೊಂಡು ರುಬ್ಬುತ್ತ ಕೂತಿದ್ದಾಗ, ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಸೊಂಟದಲ್ಲಿ ಮಗು, ಬಾಗಿಲಲ್ಲಿ ಬಂದು ನಿಂತಿದ್ದಳು. ತಮಿಳಿನ ಒಂದಕ್ಷರ ಬಾರದೆ, ಊರಿನಿಂದ ಒಬ್ಬಳೇ ಹೊರಟು, ಮಂಗಳೂರಿನಲ್ಲಿ ರೈಲು ಹತ್ತಿ, ಹೋಟೆಲಿನ ಹೆಸರೊಂದನ್ನೇ ದಾರಿಯುದ್ದಕ್ಕೂ ಕೇಳಿಕೊಂಡು ಬಂದವಳು.

"ಎಂತ ಗುಣವತಿ ಇದು? ಊರಲ್ಲಿ ಎಲ್ಲರೂ ಕ್ಷೇಮ ಉಂಟಲ್ಲ?" ಎಂದು ಐತ ಗಾಬರಿಯಿಂದ ಎದ್ದ.

"ಕ್ಷೇಮ ಉಂಟು. ಅಪ್ಪನನ್ನು ನೋಡ್ಬೇಕು ಅಂತ ಮಗು ಕೂಗ್ತದೆ. ನಾಳೆ ಬರ್ತಾರೆ, ನಾಡಿದ್ದು ಬರ್ತಾರೆ ಅಂತ ಎಷ್ಟು ಸಮಯ ಸುಳ್ಳು ಹೇಳುದು?" ಎಂದಳು ಗುಣವತಿ, ಪೆಟ್ಟಿಗೆ ಕೆಳಗಿಟ್ಟು.

ಹೋಟೆಲಿನ ಕೆಲಸದವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಹೋಟೆಲಿನ ಅಟ್ಟದ ಮೇಲೆ ಮಲಗಿ, ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದ ಕಾಲ ಅದು. ಅದರ ಮೇಲೆ ಇವರ ಜನರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಅಲ್ಲಿ ಮಕ್ಕಳು ತಾಯಿಮನೆಗೆ ಸೇರಿದವರು. ಮನೆಯ ಯಜಮಾನನೆಂದರೆ ತಾಯಿಯ ಅಣ್ಣ. ಮಗುವಿನ ಕಿವಿ ಚುಚ್ಚುವುದಿರಲಿ, ಮದುವೆಯ ಮಾತಿರಲಿ, ಸೋದರಮಾವ ಹೂಂ ಅನ್ನಬೇಕು. ಅಪ್ಪನಾದವನು ಬರುವವನು, ಹೋಗುವವನು. ಮಕ್ಕಳ ಮೇಲೆ ಪ್ರೀತಿ ಇದ್ದರೆ ಇಟ್ಟುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ. ಅಂಥ ತಾಯಿಮನೆ ಬಿಟ್ಟು ಹೆಂಗಸೊಬ್ಬಳು ಗಂಡನನ್ನು ಹುಡುಕಿಕೊಂಡು ಮದರಾಸಿಗೆ ಬಂದಳೆಂದರೆ ಹೋಟೆಲಿನವರಿಗೆ ಒಂದು ತಿಂಗಳು ನಗಲು ಸಾಕಾಯಿತು. ಐತ ನಗಲಿಲ್ಲ. ಆ ದಿನದಿಂದ ಹೆಂಡತಿಯನ್ನು ಕಂಡರೆ ಅವನಿಗೊಂದು ಬೆರಗು ಹತ್ತಿಕೊಂಡಿತು, ಅದು ಕೊನೆಯವರೆಗೂ ಬಿಡಲಿಲ್ಲ.

ಬೆರಗಾಗದೆ ಏನು ಮಾಡುತ್ತಾನೆ? ಅವನಿಗೆ ಪೊಲೀಸನಿಗಿಂತ ಗುಮಾಸ್ತನನ್ನು ಕಂಡರೆ ಹೆಚ್ಚು ಹೆದರಿಕೆ. ಅಂಚೆ ಕಚೇರಿಯಲ್ಲಿ ಕಾರ್ಡು ಕೊಳ್ಳುವಾಗಲೂ ಮುಂಡಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುವ ಆಸಾಮಿ. ಗುಣವತಿಯೋ ನಲ್ಲಿಯ ಹತ್ತಿರದ ಜಗಳಗಳಲ್ಲಿ ಬಾಯಿ ಹಾಕದೆಯೇ ತನ್ನ ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಅದು ಹೇಗೆ ಎಂದು ಐತನಿಗೆ ಎಂದೂ ತಿಳಿಯಲಿಲ್ಲ. ಮನೆಯಲ್ಲಿ ಅವರದ್ದು ತುಳು ಮಾತು. ಕನ್ನಡ ಅವಳಿಗೆ ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಭಾಷೆ, ಪುಸ್ತಕದ ಭಾಷೆ. ತಮಿಳು ಮಾತ್ರ ತರಕಾರಿ ಮಾರುವವರಿಂದ ಕಲಿತದ್ದು. ಮಗಳು ಸರಸ ಬೆಳೆದದ್ದೇ ಆ ಬೀದಿಯಲ್ಲಾದ್ದರಿಂದ ತಾಯಿ ತುಳುವಿನಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಐವತ್ತೆಂಟನೆಯ ಇಸವಿಯಲ್ಲಿ ಸರಸ ಕಾರ್ಪೊರೇಷನ್ ಶಾಲೆಯಲ್ಲಿ ಐದನೇ ಕ್ಲಾಸು ಪಾಸಾದಳು. ಅಲ್ಲಿಗೆ ಆ ಶಾಲೆ ಮುಗಿಯಿತು. ಅವಳ ಟೀಚರು ಗುಣವತಿಯನ್ನು ಕರೆಸಿ, ಈ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಡಿ, ಮೈಲಾಪೂರಿನ ಕಡೆ ಹೆಣ್ಣುಮಕ್ಕಳ ದೊಡ್ಡ ಹೈಸ್ಕೂಲಿದೆ, ಅಲ್ಲಿ ಆರನೇ ಕ್ಲಾಸಿಗೆ ಸೇರಿಸಿ ಎಂದು ಹೇಳಿದರು. ಸೇರುವವರಿಗೆ ಅಲ್ಲಿ ಒಂದು ಪರೀಕ್ಷೆ ಇತ್ತು. ಸರಸ ಅದನ್ನೂ ಬರೆದು ಪಾಸಾದಳು. ಇನ್ನು ಶಾಲೆಯ ಆಫೀಸಿಗೆ ಹೋಗಿ ಹೆಸರು ಸೇರಿಸುವುದಷ್ಟೇ ಬಾಕಿ. ಆನೆ ಹೋಗಿತ್ತು, ಬಾಲ ಮಾತ್ರ ಉಳಿದಿತ್ತು ಅನ್ನಿ. ಆದರೆ ಆ ಬಾಲ ಒಂದು ಕಿಟಕಿಯಲ್ಲಿ ಸಿಕ್ಕಿಕೊಂಡಿತು.

ಕಿಟಕಿಗೆ ಕಬ್ಬಿಣದ ಸರಳು. ಸರಳಿನ ಆಚೆ ಮೇಜು. ಮೇಜಿನ ಆಚೆ ಪಂಢರಿನಾಥ ಎಂಬ ಗುಮಾಸ್ತರು. ಬಿಳಿ ಕೋಟು, ಹಣೆಯಲ್ಲಿ ಗೋಪಿಚಂದನ, ಅದರ ನಡುವೆ ಕಪ್ಪು ಗೀಟು, ಕೆಳಗೊಂದು ಕೆಂಪು ಬೊಟ್ಟು. ಅವರ ಹಿಂದೆ ನಾಲ್ಕಾರು ಮೇಜು, ನಾಲ್ಕಾರು ಜನ. ಮೊದಲ ದಿನ ಗುಣವತಿ ಬಾಯಿ ತೆರೆಯುವ ಮೊದಲೇ ಅವರು ತಲೆಯೆತ್ತದೆ, "ಪೋ, ಪೋ, ಅಪ್ಪುರಂ ವಾ" ಎಂದರು. ಆಮೇಲೆ ಬಾ ಎಂದದ್ದಕ್ಕೆ ಅವಳು ಮಧ್ಯಾಹ್ನ ಮತ್ತೆ ಹೋದಳು, ಕಿಟಕಿ ಮುಚ್ಚಿತ್ತು. ಮರುದಿನ ಹೋದಳು. ಅವಳ ಹಿಂದೆ ಬಂದ ರೇಷ್ಮೆ ಸೀರೆಯವರ ಕೆಲಸ ಆಯಿತು, ಕಾರಿನಲ್ಲಿ ಬಂದವರ ಕೆಲಸ ಆಯಿತು. ಇವಳ ಸರದಿ ಬಂದಾಗ ಗಂಟೆ ಹೊಡೆಯಿತು, ಪಂಢರಿನಾಥರು ಕಿಟಕಿಯ ಬಾಗಿಲು ಎಳೆದುಕೊಂಡು ಊಟಕ್ಕೆದ್ದರು. ಎಳೆಯುವ ಭರದಲ್ಲಿ ಮೇಜಿನ ಮಸಿ ಕುಡಿಕೆ ಮಗುಚಿ, "ಅಯ್ಯೋ ಕೃಷ್ಣಾ, ಹಾಳಾಯ್ತಲ್ಲೋ!" ಎಂದು ಅವರು ಕೂಗಿಕೊಂಡದ್ದು ಮುಚ್ಚಿದ ಬಾಗಿಲಿನ ಈಚೆಗೂ ಕೇಳಿಸಿತು.

ಇನ್ನೊಂದು ದಿನ ಅವರಿಗೆ ಸಿಟ್ಟೇ ಬಂತು. ಹೆಂಗಸರ ಹತ್ತಿರ ಮಾತಾಡಿ ಏನು ಪ್ರಯೋಜನ, ಮಗುವಿನ ಜವಾಬ್ದಾರಿ ಹೊತ್ತ ಗಂಡಸು ಅಂತ ನಿಮ್ಮ ಕಡೆ ಯಾರೂ ಇಲ್ಲವೋ, ಅವರು ಬಂದು ಎದುರಿಗೆ ರುಜು ಹಾಕಬೇಕು, ಶನಿವಾರ ಕಡೆಯ ದಿನ, ತಪ್ಪಿದರೆ ಸೀಟು ಬೇರೆಯವರಿಗೆ ಎಂದು ತಮಿಳಿನಲ್ಲಿ ಗದರಿಸಿ ಕಳಿಸಿದರು.

ಆ ಸಂಜೆ ಗುಣವತಿ ಗಂಡನಿಗೆ ಗಂಜಿ ಬಡಿಸುತ್ತ, "ಜವಾಬ್ದಾರಿ ಇದ್ದವರು ಬರ್ಬೇಕಂತೆ. ಅಣ್ಣನಿಗೆ ತಿಳಿಸ್ಬೇಕು" ಎಂದಳು.

"ಹೌದೌದು. ಭಾವ ಬಾರದೆ ಆಗ್ಲಿಕ್ಕುಂಟಾ?" ಎಂದ ಐತ.

ಜವಾಬ್ದಾರಿ ಹೊತ್ತ ಗಂಡಸು ಅಂದಾಗ, ಎದುರಿಗೇ ಚಕ್ಕಳಮಕ್ಕಳ ಹಾಕಿ ಗಂಜಿ ಉಣ್ಣುತ್ತಿದ್ದ ಗಂಡಸು ಇಬ್ಬರ ಕಣ್ಣಿಗೂ ಬೀಳಲಿಲ್ಲ. ಐತನ ಕಣ್ಣಿಗಂತೂ ಖಂಡಿತ ಬೀಳಲಿಲ್ಲ. ಹೋಟೆಲಿನ ಕ್ಯಾಷಿಯರರ ಕೈಯಿಂದ ಊರಿಗೆ ತಂತಿ ಬರೆಸಿದರು, ಕೂಡಲೇ ಹೊರಟು ಬನ್ನಿ ಎಂದು.

ಊರಿನಲ್ಲಿ ತಂತಿ ಎಂದರೆ ಸಾವು. ಓದಿ ಹೇಳುವವರು ಸಿಗುವ ಮೊದಲೇ ಮನೆಯ ಹೆಂಗಸರು ಅಂಗಳಕ್ಕಿಳಿದು ಅತ್ತಾಗಿತ್ತು. ಗುಣವತಿಯ ಅಣ್ಣ ಮೋನಪ್ಪ ನಾಟಿಯ ಗದ್ದೆಯಿಂದ ಕೆಸರುಗಾಲಲ್ಲೇ ಎದ್ದು ಬಂದು, ಕಾಲು ತೊಳೆದು, ಮಂಗಳೂರಿಗೆ ಬಂದು ಮದರಾಸಿನ ರೈಲು ಹಿಡಿದಿದ್ದ. ಶುಕ್ರವಾರ ವಠಾರದ ಬಾಗಿಲಲ್ಲಿ ಕೊಡೆ ಊರಿ ನಿಂತು, ತಂಗಿಯ ಮುಖವನ್ನೂ ನೋಡದೆ, "ಯಾರು ಹೋದದ್ದು?" ಎಂದು ಕೇಳಿದ.

"ಯಾರೂ ಹೋಗ್ಲಿಲ್ಲ ಅಣ್ಣ. ಸರಸನನ್ನು ಶಾಲೆಗೆ ಹಾಕ್ಲಿಕ್ಕುಂಟು" ಎಂದಳು ಗುಣವತಿ.

ಮೋನಪ್ಪ ಜಗಲಿಯಲ್ಲಿ ಕೂತು ಒಂದು ಚೆಂಬು ನೀರು ಕುಡಿದ. ಬೈಯುತ್ತಾನೆ ಎಂದು ಐತ ಕಾದ. ಬೈಯಲಿಲ್ಲ. ಇಷ್ಟು ದೂರದ ಊರಿನ ಅಷ್ಟು ದೊಡ್ಡ ಶಾಲೆಯವರು ತಮ್ಮ ಮನೆಯ ಹಿರಿಯನನ್ನು ಕಾಣಬೇಕೆಂದು ಹೇಳಿಕಳಿಸಿದರು ಎಂಬುದು ಅವನ ಮನಸ್ಸಿಗೆ ಬಂದಿತ್ತು. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, "ಸರಿ. ಹೋಗುವ" ಎಂದ.

ಶನಿವಾರ ಐತನೂ ಹೋಟೆಲಿನಲ್ಲಿ ರಜೆ ಕೇಳಿಕೊಂಡು ಜೊತೆಗೆ ಹೊರಟ. ಆ ಶಾಲೆಯನ್ನು ಅವನು ನೋಡಿದ್ದು ಅಂದೇ ಮೊದಲು. ಕೆಂಪು ಇಟ್ಟಿಗೆಯ ಕಟ್ಟಡ, ಉದ್ದಕ್ಕೆ ಕಂಬಗಳು, ಮೇಲೊಂದು ಗಂಟೆಯ ಗೋಪುರ. ಒಳಗೆಲ್ಲೋ ನೂರಾರು ಹುಡುಗಿಯರು ಒಂದೇ ದನಿಯಲ್ಲಿ ಏನನ್ನೋ ಒಪ್ಪಿಸುತ್ತಿದ್ದರು. ಕೇಳುತ್ತಿದ್ದಂತೆ ಅವನ ಮೈ ಜುಂ ಎಂದಿತು. ತಾನು ರುಬ್ಬಿದ ಹಿಟ್ಟಿನ ದೋಸೆ ತಿನ್ನುವವರ ಮಕ್ಕಳು ಓದುವ ಜಾಗ ಇದು, ಇದರೊಳಗೆ ಸರಸ ಕೂರುವುದುಂಟೆ ಎಂದು ಮಗಳ ತಲೆಯನ್ನೊಮ್ಮೆ ನೋಡಿದ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ. ಹುಡುಗಿ ಹೆದರಿರಲಿಲ್ಲ. ಭಾವ ಮಾತಾಡುವಲ್ಲಿ ಹತ್ತಿರ ನಿಲ್ಲುವುದು ಮರ್ಯಾದೆಯಲ್ಲವಲ್ಲ, ಐತ ಅಂಗಳದ ಬಾದಾಮಿ ಮರದ ಕೆಳಗೇ ಉಳಿದುಕೊಂಡ. ಕಿಟಕಿಯ ಮುಂದೆ ಮೋನಪ್ಪ, ಅವನ ಪಕ್ಕದಲ್ಲಿ ಗುಣವತಿ, ಸರಸ.

ಪಂಢರಿನಾಥರು ಈ ಸಲ ತಲೆ ಎತ್ತಿದರು. ಅವರು ತಮಿಳಿನಲ್ಲಿ ಕೇಳಿದ್ದಕ್ಕೆ ಗುಣವತಿ ತನ್ನ ಮುರುಕು ತಮಿಳಿನಲ್ಲಿ ಉತ್ತರ ಹೇಳುತ್ತ ಹೋದಳು.

"ಇವರ್ ಯಾರು? ಅಪ್ಪನಾ?"

"ಅಲ್ಲ, ಮಗುವಿನ ಮಾವ. ನನ್ನ ಅಣ್ಣ."

"ಅಪ್ಪಾ ಇಲ್ಲೆಯಾ? ತೀರಿಹೋದರೋ?"

"ಇಲ್ಲ, ಇದ್ದಾರೆ."

"ಮತ್ತೆ? ಬಿಟ್ಟು ಓಡಿಹೋದರೋ?"

"ಇಲ್ಲ ಸ್ವಾಮೀ. ಅಗೋ, ಆ ಮರದ ಕೆಳಗೆ ನಿಂತಿದ್ದಾರೆ."

ಪಂಢರಿನಾಥರು ಕತ್ತು ಉದ್ದ ಮಾಡಿ ಮರದ ಕಡೆ ನೋಡಿದರು, ಮೋನಪ್ಪನನ್ನು ನೋಡಿದರು, ಹಿಂದಿನ ಮೇಜಿನವರ ಕಡೆ ತಿರುಗಿದರು. "ಕೇಳಿದಿರಾ? ಅಪ್ಪ ಮರದ ಕೆಳಗಂತೆ, ರುಜು ಹಾಕುವುದು ಅಮ್ಮನ ಅಣ್ಣನಂತೆ!" ಎಂದು ನಕ್ಕು, ಸರಸಳ ಕಡೆಗೆ ಬೆರಳು ತೋರಿಸಿ, "ಅಪ್ಪುರಂ ಇದು ಯಾರ್ ಪೆಣ್ಣು?" ಎಂದರು. ಹಾಗಾದರೆ ಈ ಹುಡುಗಿ ಯಾರಿಗೆ ಹುಟ್ಟಿದವಳು ಎನ್ನುವ ಧಾಟಿಯಲ್ಲೇ ಕೇಳಿದರು. ಆಫೀಸಿಗೆ ಆಫೀಸೇ ನಕ್ಕಿತು. ಒಬ್ಬನಂತೂ ಮೇಜು ಕುಟ್ಟಿದ.

ನಗು ಕೇಳಿ ಐತ ಮರ ಬಿಟ್ಟು ಓಡಿಬಂದ. ಮೋನಪ್ಪನಿಗೆ ತಮಿಳು ಬಾರದು, ಆದರೆ ನಗುವಿಗೆ ಭಾಷೆ ಬೇಕೆ? "ಎಂತ ಹೇಳಿದ ಅವ?" ಎಂದು ತಂಗಿಯನ್ನು ಕೇಳಿದ. ಏನಾದರೊಂದು ಹೇಳಿ ಮುಚ್ಚಿಬಿಡಲಿ ದೇವರೇ ಎಂದು ಐತ ಬೇಡಿಕೊಂಡ. ಗುಣವತಿ ಮುಚ್ಚಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೋನಪ್ಪನ ಮುಖ ಕಪ್ಪಿಟ್ಟಿತು. ತಂಗಿಯ ಬಗ್ಗೆ ಇಂಥ ಮಾತನ್ನು ಊರಲ್ಲಿ ಯಾರಾದರೂ ಆಡಿದ್ದರೆ ಅವನು ಸುಮ್ಮನೆ ತಿರುಗಿ ಬರುವ ಗಂಡಸಾಗಿರಲಿಲ್ಲ.

"ನಡಿ. ಈ ಶಾಲೆಯೂ ಬೇಡ, ಈ ಊರೂ ಬೇಡ. ಸರಸನನ್ನು ನಾನು ಕರ್ಕೊಂಡು ಹೋಗ್ತೇನೆ. ಮನೆಯಲ್ಲಿ ಅನ್ನಕ್ಕೆ ಕಡಿಮೆ ಇಲ್ಲ. ಹೆಣ್ಣು ಮಗು, ಕಲಿತದ್ದು ಸಾಕು."

ಯಜಮಾನನ ಮಾತು. ಅದಕ್ಕೆ ಮೇಲೆ ಮಾತಿಲ್ಲ. ಎದುರಾಡಬಹುದು ಎಂಬ ಯೋಚನೆ ಕೂಡ ಐತನ ಹತ್ತಿರ ಸುಳಿಯಲಿಲ್ಲ. ಸರಸ ಮಾತ್ರ ಎರಡು ಕೈಯಲ್ಲೂ ಕಿಟಕಿಯ ಸರಳು ಹಿಡಿದುಕೊಂಡುಬಿಟ್ಟಿದ್ದಳು. ಮಾವ ಕರೆದರೂ ಬಿಡಲಿಲ್ಲ, ಅಳಲೂ ಇಲ್ಲ.

"ಅಣ್ಣ, ನಿಮ್ಮ ಮಾತು ನಾನು ಮೀರುದಿಲ್ಲ. ಅವರಿಗೆ ನನ್ನದೊಂದು ಉತ್ತರ ಕೊಡ್ಲಿಕ್ಕೆ ಬಾಕಿ ಉಂಟು. ಅದು ಕೊಟ್ಟು ಹೋಗುವ" ಎಂದಳು ಗುಣವತಿ.

ಮತ್ತೆ ಕಿಟಕಿಗೆ ತಿರುಗಿದಳು. ತಿರುಗಿ ಅವಳು ಆಡಿದ್ದು ತಮಿಳಲ್ಲ, ಕನ್ನಡ. ದನಿಯೇರಿಸದೆ, ಬಾಯಿಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು.

"ಸ್ವಾಮೀ, ನಿಮ್ಮ ಹಣೆಯ ಅಂಗಾರ ಅಕ್ಷತೆ ನಾನು ಮೊದಲನೇ ದಿವಸವೇ ನೋಡಿದ್ದೇನೆ. ಅದು ನಮ್ಮ ಉಡುಪಿಯಲ್ಲಿ ದಿನಾ ಕಾಣುವ ಗುರ್ತು. ಮಸಿ ಚೆಲ್ಲಿದಾಗ ನೀವು ದೇವರನ್ನು ಕರೆದ ಭಾಷೆ ಸಹ ಕೇಳಿದ್ದೇನೆ. ನಿಮಗೆ ನನ್ನ ಮಾತು ಅರ್ಥ ಆಗ್ತದೆ. ನಮ್ಮಲ್ಲಿ ಮಕ್ಕಳಿಗೆ ಹಿರಿಯ ಅಂದ್ರೆ ಸೋದರಮಾವ. ನೀವು ಜವಾಬ್ದಾರಿ ಇದ್ದವರು ಬರ್ಬೇಕು ಅಂತ ಹೇಳಿದ್ದಕ್ಕೆ ನಾಟಿಯ ಗದ್ದೆ ಬಿಟ್ಟು ಬಂದಿದ್ದಾರೆ ನನ್ನ ಈ ಅಣ್ಣ. ಈಗ ಓಡಿ ಬಂದ ಇವರು ಮಗುವಿನ ಅಪ್ಪ, ನನ್ನ ಕೈ ಹಿಡಿದವರು. ಮರದ ಕೆಳಗೆ ನಿಂತದ್ದು ಭಾವನ ಮರ್ಯಾದೆಗೆ. ಇದೆಲ್ಲ ನಿಮಗೆ ಗೊತ್ತಿಲ್ಲದ್ದು ತಪ್ಪಲ್ಲ. ಆದ್ರೆ ನೀವು ಕೇಳಿದ್ದು ಇಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ. ನಾನು ಉತ್ತರ ಕೊಟ್ಟದ್ದು ನಿಮಗೊಬ್ಬರಿಗೇ ತಿಳಿಯುವ ಭಾಷೆಯಲ್ಲಿ. ನನ್ನ ತಮಿಳು ತರಕಾರಿ ತರ್ಲಿಕ್ಕೆ ಸಾಕು, ಇದಕ್ಕೆ ಸಾಲದು. ನಕ್ಕವರಿಗೆಲ್ಲ ನೀವೇ ಇದನ್ನು ಹೇಳ್ಬೇಕು."

ಆ ಮಾತಿನಲ್ಲಿ ಒಂದು ಬೈಗುಳ ಇರಲಿಲ್ಲ, ಒಂದು ಶಾಪ ಇರಲಿಲ್ಲ. ತನ್ನ ಮಾನವನ್ನು ಬೀದಿಗೆ ಎಳೆದವನ ಮಾನವನ್ನು ಅವಳು ಎತ್ತಿ ಅವನ ಕೈಯಲ್ಲೇ ಇಟ್ಟಿದ್ದಳು. ಏನು ಬೇಕಾದರೂ ಮಾಡು ಎಂದು ಬಿಟ್ಟಿದ್ದಳು. ಇವಳಿಗೆ ಇದನ್ನು ಯಾರು ಕಲಿಸಿದರು ಎಂದು ಐತ ಬೆರಗಾದ.

ಆಫೀಸಿನವರು ಕುತೂಹಲದಿಂದ, ಏನು ಸಾರ್, ಏನು ಹೇಳುತ್ತಾಳೆ ಅವಳು ಎಂದು ಕೇಳತೊಡಗಿದರು. ಪಂಢರಿನಾಥರು ತಿಳಿಯಲಿಲ್ಲ ಎಂದು ಒಂದು ಮಾತು ಹೇಳಿ ಕಿಟಕಿ ಎಳೆದುಕೊಂಡಿದ್ದರೆ ಯಾರೇನು ಮಾಡುವ ಹಾಗಿತ್ತು? ಅವರ ಕೈ ಕಿಟಕಿಯ ಬಾಗಿಲಿನವರೆಗೆ ಹೋಯಿತು ಕೂಡ. ಅಲ್ಲೇ ನಿಂತಿತು. ಲೇಖನಿಯನ್ನು ಎತ್ತಿದರು, ಇಟ್ಟರು. ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು.

ಹೋಟೆಲಿನ ತಮಿಳು ಕೇಳಿ ಕೇಳಿ ಐತನಿಗೆ ಭಾಷೆ ಚೆನ್ನಾಗಿ ತಿಳಿಯುತ್ತಿತ್ತು. ಪಂಢರಿನಾಥರು ಒಂದು ಮಾತನ್ನೂ ನುಂಗಲಿಲ್ಲ. ಸೋದರಮಾವನ ಕಟ್ಟಳೆ ಹೇಳಿದರು, ಗದ್ದೆ ಬಿಟ್ಟು ಬಂದದ್ದು ಹೇಳಿದರು, ಮರದ ಕೆಳಗೆ ಯಾಕೆ ನಿಂತದ್ದು ಎಂದು ಹೇಳಿದರು. ಕಡೆಗೆ ಅವಳು ಹೇಳದಿದ್ದ ಒಂದನ್ನೂ ಸೇರಿಸಿದರು. ನಾನು ಕೇಳಿದ ಪ್ರಶ್ನೆ ಒಬ್ಬ ಹೆಂಗಸನ್ನು ಕೇಳುವ ಪ್ರಶ್ನೆಯಲ್ಲ, ತಪ್ಪು ನನ್ನದು ಎಂದರು. ಮೇಜು ಕುಟ್ಟಿದವನು ತಲೆ ತಗ್ಗಿಸಿ ಏನನ್ನೋ ಹುಡುಕುವವನ ಹಾಗೆ ಮಾಡಿದ. ಒಂದು ಸುಳ್ಳಿನಿಂದ ತಪ್ಪಿಸಿಕೊಳ್ಳಬಹುದಾಗಿದ್ದ ಮನುಷ್ಯ ತಪ್ಪಿಸಿಕೊಳ್ಳದೆ ನಿಂತದ್ದು ಐತನಿಗೆ ಆ ದಿನದ ಎರಡನೆಯ ಅಚ್ಚರಿ. ಗುಮಾಸ್ತರಲ್ಲೂ ಇಂಥವರು ಇರುತ್ತಾರೆ ಎಂದು ಅವನು ಆವರೆಗೆ ನಂಬಿರಲಿಲ್ಲ.

ಪಂಢರಿನಾಥರು ಕಿಟಕಿಗೆ ತಿರುಗಿದರು. ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮನೆಯ ಕನ್ನಡ ಹೊರಗೆ ಬಂತು. "ಏನಮ್ಮಾ ಇದು, ಕನ್ನಡದೋರೂಂತ ಮೊದಲೇ ಸೊಲ್ಲಬಾರದಾ? ಸುಮ್ಸುಮ್ನೆ ಇಷ್ಟು ಸಲ ಅಲೆದಿರಲ್ಲ. ಅಂದೇ ಮುಗಿಸಿ ಕೊಟ್ಬಿಡ್ತಿದ್ದೆ."

"ನಮ್ಮ ಮಗುವಿಗೆ ಸೀಟು ಅವಳ ಓದಿಗೆ ಸಿಗ್ಬೇಕು ಸ್ವಾಮೀ. ನಮ್ಮ ಭಾಷೆಗೆ ಅಲ್ಲ" ಎಂದಳು ಗುಣವತಿ.

ಪಂಢರಿನಾಥರು ಸರಸಳ ಕಾಗದಗಳನ್ನು ಮುಂದಕ್ಕೆಳೆದುಕೊಂಡರು. ಸರ್ಕಾರದ ಕಾನೂನಿನಲ್ಲಿ ಅಪ್ಪ ಬದುಕಿದ್ದರೆ ಅಪ್ಪನೇ ಹೇಳಬೇಕು, ಅಪ್ಪನೇ ರುಜು ಹಾಕಬೇಕು, ಅದನ್ನು ಮಾತ್ರ ತಾನು ಮೀರುವ ಹಾಗಿಲ್ಲ ಎಂದು ಮೆಲ್ಲಗೆ ತಿಳಿಸಿದರು. ಬೇಡಿಕೊಳ್ಳುವ ದನಿಯಲ್ಲೇ ತಿಳಿಸಿದರು.

ಗುಣವತಿ ಕಿಟಕಿ ಬಿಟ್ಟು ಅಣ್ಣನ ಎದುರಿಗೆ ಬಂದಳು. "ನನ್ನದು ಮುಗೀತು ಅಣ್ಣ. ಇನ್ನು ನೀವು ಹೇಳಿದ ಹಾಗೆ. ಊರಿಗೆ ಅಂದ್ರೆ ಊರಿಗೆ."

ಐತ ಬೆಚ್ಚಿದ. ಗೆದ್ದವಳು ಗೆದ್ದದ್ದನ್ನು ತಂದು ಅಣ್ಣನ ಕಾಲ ಹತ್ತಿರ ಇಟ್ಟಿದ್ದಳು. ಇವನು ಬೇಡ ಅಂದರೆ? ಬೇಡ ಅಂದರೆ ಅವಳು ನಿಜಕ್ಕೂ ಹೊರಟೇ ಬಿಡುವವಳು, ಅದರಲ್ಲಿ ಅನುಮಾನವಿಲ್ಲ. ಮೋನಪ್ಪ ಗಂಟೆಯ ಗೋಪುರವನ್ನು ನೋಡಿದ, ಸರಳು ಹಿಡಿದ ಸರಸಳ ಪುಟ್ಟ ಬೆರಳುಗಳನ್ನು ನೋಡಿದ. ಕಿಟಕಿಯ ಆಚೆ ಇನ್ನೂ ಕೂರದೆ ನಿಂತಿದ್ದ ಪಂಢರಿನಾಥರನ್ನು ನೋಡಿದ. ಆಮೇಲೆ ತಾನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಐತನ ಮಣಿಕಟ್ಟು ಹಿಡಿದು ಮುಂದೆ ತಂದು ನಿಲ್ಲಿಸಿದ.

"ಬನ್ನಿ ಭಾವ. ಮನೆಯಿಂದ ಹೂಂ ಅಂದಾಯ್ತು. ಈ ಊರಿನ ಕ್ರಮ ಹೀಗಂತೆ. ಇಲ್ಲಿ ನೀವು ಹೇಳಿ."

ಐತ ಕಿಟಕಿಯ ಮುಂದೆ ನಿಂತ. ಅಭ್ಯಾಸಬಲದಿಂದ ಕೈ ಮುಂಡಾಸಿಗೆ ಹೋಯಿತು. ಗುಣವತಿ ಹಿಂದಿನಿಂದ ಬೇಡ ಎಂದು ಅವನ ಮೊಣಕೈ ಮುಟ್ಟಿದಳು. ಪಂಢರಿನಾಥರು ಲೇಖನಿಯನ್ನು ಮಸಿಯಲ್ಲಿ ಅದ್ದಿ, "ಹೇಳಿಯಪ್ಪಾ, ಈ ಮಗು ನಿಮಗೇನಾಗ್ಬೇಕು?" ಎಂದು ಕೇಳಿದರು.

ಗುಣವತಿಯ ಮಗು, ಭಾವನ ಸೋದರಸೊಸೆ, ಅವರ ಮನೆಯ ಹುಡುಗಿ ಎಂದೆಲ್ಲ ಐತ ಎಷ್ಟು ಜನರಿಗೆ ಹೇಳಿದ್ದಾನೋ ಲೆಕ್ಕವಿಲ್ಲ. ಇದೊಂದನ್ನು ಮಾತ್ರ ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮೊದಲ ಸಲ ಹೇಳಿದಾಗ ಅದು ಅವನ ತುಟಿಯಿಂದಾಚೆಗೆ ಬರಲಿಲ್ಲ.

"ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ" ಎಂದರು ಪಂಢರಿನಾಥರು.

"ನನ್ನ ಮಗಳು" ಎಂದ ಐತ. ಆಫೀಸಿನ ಕಡೆಯ ಮೇಜಿನವನೂ ತಲೆಯೆತ್ತಿ ನೋಡುವಷ್ಟು ಜೋರಾಗಿ ಹೇಳಿದ.